ಸಲಿಕೆ ಇಲ್ಲದ ಹಿಮದ ಪುಸ್ತಕ

ಹಲೋ... ಹಲೋ, ಯಾರು ಮಾತಾಡ್ತಿರೋದು? ಸ್ವಲ್ಪ ತಡೀರಿ, ಕೈಗವಸು ಹಲ್ಲಲ್ಲಿ ಕಚ್ಕೊಂಡಿದೀನಿ... ಹಾಂ, ಈಗ ಹೇಳಿ. ಸೀಮೆಎಣ್ಣೆ ಅಂಗಡಿಯವರಾ? ನಾಳೆ ಬನ್ನಿಪ್ಪಾ, ಇವತ್ತು ಬಾಗಿಲು ತೆಗೆಯೋಕೆ ನಾನು ಕೆಳಗಿಲ್ಲ...

...ಯಾರು? ಟೋಕಿಯೊದಿಂದಾ? ಓ, ಅಕಾಬೊರಿ. ಪ್ರಕಾಶನದ ಅಕಾಬೊರಿ ತಾನೇ? ಗಾಳೀಲಿ ನಿನ್ನ ದನಿ ಗುರುತೇ ಸಿಗಲಿಲ್ಲ ಕಣಮ್ಮ. ಹಾಂ, ಕಿನುಯೊನೇ ಮಾತಾಡ್ತಿರೋದು. ಗುರುಗಳೇ ಗುರುಗಳೇ ಅನ್ನಬೇಡ ಅಂತ ಎಷ್ಟು ಸಲ ಹೇಳಿದೀನಿ. ಇವತ್ತಂತೂ ಬೇಡವೇ ಬೇಡ. ನಾನಿರೋ ಸ್ಥಿತಿಗೆ ಆ ಮಾತು ಕೇಳಿದ್ರೆ ನನಗೇ ನಗು ಬರುತ್ತೆ...

...ಎಲ್ಲಿದೀನಾ? ಮನೇಲೇ. ಮನೇಲಿ ಅಂದ್ರೆ, ಮನೆ ಮೇಲೆ. ಅಲ್ಲಲ್ಲ, ಮಹಡಿ ಮೇಲಲ್ಲ. ಛಾವಣಿ ಮೇಲೆ. ಹಾಂ, ಹೊರಗಡೆ. ಮೂರು ದಿನದಿಂದ ಬಿದ್ದ ಹಿಮ ಹಾಗೇ ಕೂತಿತ್ತು, ರಾತ್ರಿ ತೊಲೆ ಕಟಕಟ ಅನ್ನೋಕೆ ಶುರು ಮಾಡ್ತು. ತೆಗೆಯೋಣ ಅಂತ ಬೆಳಗ್ಗೆ ಹತ್ತಿದೆ...

...ಇಲ್ಲ, ಇಳಿದ ಮೇಲೆ ಮಾತಾಡೋಣ ಅಂದ್ರೆ ಆಗಲ್ಲಮ್ಮ. ಇಳಿಯೋದು ಯಾವಾಗ ಅಂತ ನನಗೇ ಗೊತ್ತಿಲ್ಲ. ಏಣಿ ಇಲ್ಲ. ಏಣಿ ಇತ್ತು. ನಾನು ಮೇಲಿಂದ ಹಿಮದ ಒಂದು ದೊಡ್ಡ ಹೆಂಟೆ ತಳ್ಳಿದೆ ನೋಡು, ಅದು ಜಾರ್ಕೊಂಡು ಹೋಗಿ ಏಣೀನ ಅಪ್ಪಿಕೊಂಡು ಕೆಳಗೆ ಮಲಗಿಸ್ತು. ಈಗ ಏಣಿ ಎಲ್ಲಿದೆ ಅಂತ ನೋಡೋಕೂ ಇಲ್ಲಿಂದ ಕಾಣ್ತಿಲ್ಲ, ಹಿಮದಡಿ ಬೆಚ್ಚಗೆ ನಿದ್ದೆ ಮಾಡ್ತಿರಬೇಕು...

...ಕಟ್ಟಿರಲಿಲ್ಲ. ಹೌದು, ಏಣೀನ ಸೂರಿಗೆ ಕಟ್ಟಬೇಕು. ನನಗೆ ಗೊತ್ತಿಲ್ವಾ? ಈ ಊರಲ್ಲಿ ಹುಟ್ಟಿದ ನಾಯಿಮರಿಗೂ ಗೊತ್ತು ಅದು...

...ಒಬ್ಬಳೇ. ಹೂಂ, ಒಬ್ಬಳೇ ಹತ್ತಿದ್ದು... ನಗ್ತಿದೀಯಾ? ನಗಬೇಡ. ಹೌದಮ್ಮ, ಆ ಪೋಸ್ಟರ್ ಬರೆದವಳು ನಾನೇ. ಪುರಸಭೆಯವರು ಮನೆಗೇ ಬಂದು, 'ನೀವೇ ಬರೆದುಕೊಡಬೇಕು, ನಿಮ್ಮ ಮಾತು ಜನ ಕೇಳ್ತಾರೆ' ಅಂತ ಉಬ್ಬಿಸಿದ್ರು, ನಾನೂ ಉಬ್ಬಿದೆ. ಎರಡು ಮೊಲ. ಒಂದು ಛಾವಣಿ ಮೇಲೆ ಸಲಿಕೆ ಹಿಡ್ಕೊಂಡು, ಇನ್ನೊಂದು ಕೆಳಗೆ ಹಗ್ಗ ಹಿಡ್ಕೊಂಡು. 'ಒಬ್ಬರೇ ಹತ್ತಬೇಡಿ. ಮೇಲೆ ಒಬ್ಬರು, ಕೆಳಗೆ ಒಬ್ಬರು.' ಇಲ್ಲಿಂದ ನೋಡಿದ್ರೆ ಬಸ್‌ಸ್ಟಾಪಿನ ಗೋಡೆ ಮೇಲೆ ಕಾಣುತ್ತೆ. ಮೊಲಗಳು ನನ್ನ ಕಡೇನೇ ನೋಡ್ತಿದಾವೆ ಕಣೆ...

...ಬೇಡ ಬೇಡ, ಅಗ್ನಿಶಾಮಕದವರಿಗೆ ಮಾತ್ರ ಫೋನ್ ಮಾಡಬೇಡ. ಅವರು ಗಂಟೆ ಬಾರಿಸ್ಕೊಂಡು ಬರ್ತಾರೆ, ಊರಿಗೆ ಊರೇ ಹಿಂದೆ ಬರುತ್ತೆ. ಅವರ ಠಾಣೆ ಬಾಗಿಲಿಗೂ ನನ್ನ ಪೋಸ್ಟರ್ ಅಂಟಿಸಿದಾರೆ. ನನ್ನ ಮಾನ ಹರಾಜಿಗೆ ಇಟ್ಟ ಹಾಗಾಗುತ್ತೆ. ನನಗೇನೂ ಆಗಿಲ್ಲ, ಚೆನ್ನಾಗಿದೀನಿ. ಬಿಸಿಲೂ ಇದೆ. ಕೂತ್ಕೊಂಡಿದೀನಿ ಸಲಿಕೆ ಮೇಲೆ. ಕೆಳಗೆ ಒದ್ದೆ ಆಗೋದು ಬಿಟ್ರೆ ಒಳ್ಳೆ ಸೀಟು...

...ಹಾರೋದಾ? ಹಾರಬಹುದು. ಹಾರಿದ್ರೆ ಕುತ್ತಿಗೆವರೆಗೆ ಹೂತು ಹೋಗ್ತೀನಿ. ಆಮೇಲೆ ವಸಂತ ಬಂದು ನನ್ನನ್ನ ಹೊರಗೆ ತೆಗೀಬೇಕು. ಅರವತ್ತೆಂಟು ಆಯ್ತಮ್ಮ ನನಗೆ. ಇರಲಿ, ನೀನು ಯಾತಕ್ಕೆ ಮಾಡಿದ್ದು ಹೇಳು...

...ಹಾಂ. ಹಾಂ. ಮೂರನೇ ಮುದ್ರಣವಾ? ಅಯ್ಯೋ, ಎರಡನೇದು ಖಾಲಿಯಾಯ್ತಾ ಇಷ್ಟು ಬೇಗ? 'ಇವತ್ತೂ ಹಿಮ, ನಾಳೆಯೂ ಹಿಮ' ಅಂದ್ರೆ ಅದು ನನ್ನ ಪುಸ್ತಕನೇ ತಾನೇ, ಬೇರೆ ಯಾರದ್ದೋ ಅಲ್ವಲ್ಲ? ಸುಮ್ನೆ ಕೇಳ್ದೆ. ಕೇಳೋಕೆ ಹಿತವಾಗಿರುತ್ತೆ, ಇನ್ನೊಂದ್ಸಲ ಹೇಳು...

...ಹೌದು, ಆ ಸಂದೇಶ ಕಳಿಸಿದ್ದು ನಾನೇ. ಹದಿನಾಲ್ಕನೇ ಪುಟ ಬದಲಾಯಿಸಬೇಕು ಅಂದಿದ್ದೆ. ಇವತ್ತೇ ಕೊನೇ ದಿನವಾ? ಸಂಜೆ ಐದರೊಳಗಾ? ನೋಡು, ನನ್ನ ಹಣೆಬರಹ ಹೇಗಿದೆ ಅಂತ. ಆ ಪುಟಕ್ಕೂ ಈ ಛಾವಣಿಗೂ ಸಂಬಂಧ ಇದೆ ಅಂದ್ರೆ ನಂಬ್ತೀಯಾ...

...ಗೊತ್ತು, ಎಲ್ಲರಿಗೂ ಇಷ್ಟವಾದ ಪುಟ ಅದು. ಕರಡಿ ಅಜ್ಜಿ. ಚಳಿಗಾಲ ಪೂರ್ತಿ ಮಲಗಬೇಕಾದ ಕರಡಿ, ಮಕ್ಕಳ ಗಲಾಟೆಗೆ ಎಚ್ಚರವಾಗಿ ಕಿಟಕಿಯಿಂದ ತಲೆ ಹಾಕಿ ಬಯ್ಯುತ್ತೆ. 'ನನ್ನ ಅಂಗಳ ತುಳೀಬೇಡಿ, ನನ್ನ ನಿದ್ದೆ ಕೆಡಿಸಬೇಡಿ.' ಗೊತ್ತಮ್ಮ. ಬರೆದವಳೇ ನಾನು. ತಲೆಗೆ ಕೆಂಪು ಹಳದಿ ಪಟ್ಟೆಯ ಉಲ್ಲನ್ ಟೋಪಿ, ತುದೀಲಿ ಕುಚ್ಚು...

...ಏನು? ಗೊಂಬೆ ಮಾಡ್ತಾರಂತಾ? ಕರಡಿ ಅಜ್ಜಿದಾ? ಒತ್ತಿದ್ರೆ ಬಯ್ಯೋ ಗೊಂಬೆ... ಅಯ್ಯೋ ದೇವರೇ. ಬೇಡ ಅನ್ನು. ಬೇಡ ಅನ್ನಮ್ಮ ಮೊದಲು. ಯಾಕೆ ಅಂತ ಹೇಳ್ತೀನಿ, ಕೇಳ್ಕೋ. ಹೇಗೂ ನಾನು ಎಲ್ಲಿಗೂ ಹೋಗೋ ಹಾಗಿಲ್ಲ...

ಪಕ್ಕದ ಮನೆ ನುಯಿ ಗೊತ್ತಲ್ಲ ನಿನಗೆ? ನೀನು ಹೋದ ವರ್ಷ ಬಂದಾಗ ಮೂಲಂಗಿ ಉಪ್ಪಿನಕಾಯಿ ಕಟ್ಟಿಕೊಟ್ಟಳಲ್ಲ, ಆ ಡಬ್ಬಿ ರೈಲಲ್ಲಿ ಸೋರಿತು ಅಂತ ನೀನು ಹೇಳ್ದೆ... ಹಾಂ, ಅವಳೇ. ಅವಳ ತಲೆ ಮೇಲೆ ಏನಿತ್ತು ನೆನಪಿದೆಯಾ?

...ಹೂಂ. ಕೆಂಪು ಹಳದಿ ಪಟ್ಟೆ. ತುದೀಲಿ ಕುಚ್ಚು. ಸರಿಯಾಗಿ ಹೇಳ್ದೆ...

...ಇಲ್ಲ, ಬೇಕು ಅಂತ ಮಾಡಿದ್ದಲ್ಲ. ಬೇಡ ಅಂತಾನೂ ಮಾಡಿದ್ದಲ್ಲ. ನಾನು ಬರೆಯೋ ಮೇಜು ಕಿಟಕಿ ಪಕ್ಕ. ಕಿಟಕಿಯಾಚೆ ಅವಳ ಅಂಗಳ. ದಿನಾ ತಲೆ ಎತ್ತಿದ್ರೆ ಅವಳೇ. ಕರಡಿಗೆ ಒಂದು ಮುಖ ಬೇಕಿತ್ತು, ಕಣ್ಣೆದುರಿಗೆ ಸಿಕ್ಕಿದ ಮುಖ ಎತ್ತಿ ಹಾಕಿದೆ. ಸೋಮಾರಿತನ ಅಷ್ಟೆ. ಜನ ಅದಕ್ಕೆ ಕಲೆ ಅಂತಾರೆ...

...ಅಲ್ಲ, ಅದೇ ಕೇಳು. ನುಯಿ ಮಕ್ಕಳಿಗೆ ಬಯ್ಯೋದೇ ಇಲ್ಲ. ಒಂದು ದಿನವೂ ಬೈದಿಲ್ಲ. ಕಿಟಕಿಯಿಂದ ತಲೆ ಹಾಕಿ ನಿದ್ದೆ ಕೆಡಿಸಬೇಡಿ, ಅಂಗಳ ತುಳೀಬೇಡಿ ಅಂತ ಕೂಗಾಡೋಳು ನಾನು. ಬಣ್ಣ ಹಚ್ಚುವಾಗ ಹೊರಗೆ ಗಲಾಟೆ ಆದ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಮಕ್ಕಳಿಗಾಗಿ ಪುಸ್ತಕ ಬರೆಯೋಳು, ಮಕ್ಕಳ ಸದ್ದು ಕೇಳಿದ್ರೆ ಕಿಟಕಿ ದಡಾರ್ ಅಂತ ಮುಚ್ತೀನಿ. ನಿಮ್ಮ ಪ್ರಕಾಶನದವರು ಪುಸ್ತಕದ ಹಿಂದೆ ಏನೋ ಬರೆದಿದಾರಲ್ಲ, 'ಮಕ್ಕಳೊಂದಿಗೆ ಹಿಮದಲ್ಲಿ ಆಡುತ್ತಾ ಬೆಳೆದ ಲೇಖಕಿ' ಅಂತ? ಅದನ್ನ ಓದಿದಾಗಲೆಲ್ಲ ಯಾರಪ್ಪಾ ಇವಳು ಅನ್ಸುತ್ತೆ...

...ಏನಾಯ್ತಾ? ಪುಸ್ತಕ ಬಂತು. ಊರ ಶಿಶುವಿಹಾರದವರು ಮಕ್ಕಳಿಗೆ ಓದಿ ಹೇಳಿದ್ರು. ಮೊದಲ ಹಿಮ ಬಿದ್ದ ದಿನವೇ ಮಕ್ಕಳು ನುಯಿ ಮನೆ ಮುಂದೆ ನಿಂತು ಕೂಗಿದ್ವು. 'ಕರಡಿ ಅಜ್ಜಿ, ಕರಡಿ ಅಜ್ಜಿ, ನಿಮ್ಮ ಅಂಗಳ ತುಳೀತೀವಿ.' ಮಕ್ಕಳಿಗೆ ಪ್ರೀತಿ ಅಮ್ಮ, ಕರಡಿ ಅಂದ್ರೆ ಅವಕ್ಕೆ ಜೀವ. ಆದ್ರೆ ಕೇಳೋಳಿಗೆ? ಅಂಚೆಯವನೂ ಕರಡಿ ಅಜ್ಜಿ ಹೇಗಿದೀರಾ ಅಂದನಂತೆ. ತರಕಾರಿ ಅಂಗಡಿಯವಳು ಚಳಿಗಾಲದಲ್ಲಿ ಎದ್ದುಬಿಟ್ರಾ ಅಂತ ಕೇಳಿದಳಂತೆ. ನನಗಂತೂ ಮೊದಮೊದಲು ಒಳಗೊಳಗೇ ಖುಷಿ. ಊರಿಡೀ ನನ್ನ ಪುಸ್ತಕದ ಮಾತು ಅಲ್ವಾ? ಕನ್ನಡಿ ಮುಂದೆ ನಿಂತು ನನ್ನ ಬೆನ್ನು ನಾನೇ ತಟ್ಕೊಂಡೆ. ನಿಜ ಹೇಳ್ತಿದೀನಿ...

...ಬಂದಿದ್ಲು. ಒಂದು ಸಂಜೆ ಬಂದಿದ್ಲು. ಚಪ್ಪಲಿ ಬಿಡೋ ಜಾಗದಲ್ಲೇ ನಿಂತ್ಕೊಂಡ್ಲು, ಒಳಗೆ ಬಾ ಅಂದ್ರೂ ಬರಲಿಲ್ಲ. ಕೈಯಲ್ಲಿ ಪುಸ್ತಕ. ಹದಿನಾಲ್ಕನೇ ಪುಟ ಬಿಡಿಸಿ, 'ಕಿನುಯೊ, ಇದು ನಾನಾ?' ಅಂದ್ಲು. ಅಷ್ಟೇ ಕೇಳಿದ್ದು...

...ಏನಂದೆ? 'ಅಯ್ಯೋ, ಅದು ಕರಡಿ ಕಣೆ' ಅಂದೆ. ನಕ್ಕೆ ಬೇರೆ. ಅವಳು ಪುಸ್ತಕ ಮಡಿಸಿ, ಓಹೋ ಸರಿ ಅಂದು ಹೋದ್ಲು. ಆ ಟೋಪಿ ಆಮೇಲೆ ಅವಳ ತಲೆ ಮೇಲೆ ನಾನು ನೋಡಿಲ್ಲ. ಈ ಚಳೀಲಿ ಬರಿ ತಲೆಗೆ ಟವಲ್ ಸುತ್ಕೊಂಡು ಓಡಾಡ್ತಾಳೆ...

...ಮಾತಿಲ್ಲ. ಹೊಸ ವರ್ಷಕ್ಕೂ ಇಲ್ಲ. ಬಾಗಿಲ ಹತ್ರ ಎದುರಾದ್ರೆ ಬಗ್ಗಿ ನಮಸ್ಕಾರ ಮಾಡ್ತಾಳೆ, ಬ್ಯಾಂಕಿನವರಿಗೆ ಮಾಡೋ ಹಾಗೆ. ಬೈದಿದ್ರೆ ಎಷ್ಟೋ ವಾಸಿ ಇತ್ತು...

...ಅದನ್ನೇ ಹೇಳೋಕೆ ಬಂದೆ. ಯಾಕೆ ಒಬ್ಬಳೇ ಹತ್ತಿದೆ ಅಂದ್ಯಲ್ಲ? ನಮ್ಮಿಬ್ಬರ ಗಂಡಂದಿರು ಹೋದ ಮೇಲೆ ಛಾವಣಿ ಕೆಲಸ ನಾವಿಬ್ಬರೇ ಮಾಡ್ತಿದ್ವಿ. ನನ್ನ ಛಾವಣಿಗೆ ನಾನು ಮೇಲೆ, ಅವಳು ಕೆಳಗೆ. ಅವಳ ಛಾವಣಿಗೆ ಅವಳು ಮೇಲೆ, ನಾನು ಕೆಳಗೆ. ಹಗ್ಗದ ಒಂದು ತುದಿ ಮೇಲಿನೋಳ ಸೊಂಟಕ್ಕೆ, ಇನ್ನೊಂದು ಕೆಳಗಿನೋಳ ಕೈಗೆ. ಕೆಳಗಿನೋಳದ್ದೇ ದೊಡ್ಡ ಕೆಲಸ, ಗೊತ್ತಾ? ಮೇಲಿನೋಳು ಏನು, ಸಲಿಕೆ ಆಡಿಸ್ತಾಳೆ. ಕೆಳಗಿನೋಳು ಕಣ್ಣು ಮಿಟುಕಿಸದೆ ನೋಡ್ತಿರಬೇಕು. ಆ ಪೋಸ್ಟರಲ್ಲಿ ಹಗ್ಗ ಹಿಡಿದ ಮೊಲ ಯಾರು ಅಂದ್ಕೊಂಡೆ? ಈ ವರ್ಷ ನನಗೆ ಕೆಳಗೆ ಯಾರೂ ಇಲ್ಲ...

...ಸುಲಭವಾಗಿ ಹೇಳ್ಬಿಟ್ಟೆ ನೀನು. ಕೂಗಿ ಕರೀರಿ ಅಂತೆ. ಅವಳ ಮನೆ ಏನು ದೂರನಾ, ಇಲ್ಲಿಂದ ಒಂದು ಹಿಮದುಂಡೆ ಎಸೆದ್ರೆ ಅವಳ ಅಡುಗೆಮನೆ ಕಿಟಕಿಗೆ ಬೀಳುತ್ತೆ. ಒಲೆ ಹೊಗೆ ಬರ್ತಿದೆ, ಒಳಗೇ ಇದಾಳೆ. ಆದ್ರೆ ಏನಂತ ಕರೀಲಿ? ಇಷ್ಟು ದಿನ ಮುಖ ಕೊಟ್ಟು ಮಾತಾಡದೆ, ಈಗ ಏಣಿ ಬೇಕಾದಾಗ ನುಯಿ ನುಯಿ ಅನ್ನಲಾ? ಏಣಿಗೋಸ್ಕರ ಕರೆದ ಹಾಗಾಗುತ್ತೆ. ನನಗೆ ಏಣಿ ಬೇಡಮ್ಮ, ಅವಳು ಬೇಕು. ಅವಳಿಲ್ಲದೆ ಈ ಚಳಿಗಾಲ ನನಗೆ ಸಾಕಾಗಿ ಹೋಗಿದೆ...

...ಅಳ್ತಿಲ್ಲ. ಗಾಳಿ. ಮೂಗಿಗೆ ಗಾಳಿ ಹೊಡೀತಿದೆ...

...ಹಾಂ, ಅದಕ್ಕೇ ಆ ಪುಟ ಬದಲಾಯಿಸು ಅಂದದ್ದು. ಟೋಪಿ ತೆಗೆದುಬಿಡು. ಬದಲಿಗೆ ಕರಡಿಗೆ ಒಂದು ದಪ್ಪ ಕನ್ನಡಕ ಹಾಕು, ನನ್ನದರ ಹಾಗೆ. ಮೂಗಿನ ಮೇಲೆ ಬಣ್ಣದ ಕಲೆ ಇರಲಿ. ನಿಮ್ಮ ಕಂಪ್ಯೂಟರಲ್ಲಿ ಒಂದು ಕನ್ನಡಕ ಹಾಕೋಕೆ ಎಷ್ಟು ಹೊತ್ತು...

...ಜನಕ್ಕೆ ಬೇಸರ ಆಗುತ್ತಾ? ಆಗಲಿ. ಗೊಂಬೆಯವರಿಗೆ? ಅವರು ನನ್ನ ಮುಖದ ಗೊಂಬೆ ಮಾಡಲಿ. ಒತ್ತೋದೇ ಬೇಡ, ಸುಮ್ನಿದ್ರೂ ಬಯ್ಯುತ್ತೆ...

...ತಡಿ. ಏನೋ ಸದ್ದು. ಅಯ್ಯೋ, ಶಿಶುವಿಹಾರ ಬಿಡ್ತು ಅಂತ ಕಾಣುತ್ತೆ. ಮಕ್ಕಳ ಹಳದಿ ಟೋಪಿಗಳು ಸಾಲಾಗಿ ಬರ್ತಿದಾವೆ, ಮುಂದೆ ಟೀಚರ್. ನಾನು ಚಿಮಣಿ ಹಿಂದೆ ಸರ್ಕೋತೀನಿ, ಇರು. ಮೆಲ್ಲಗೆ ಮಾತಾಡು ನೀನೂ...

...ನಿನ್ನ ದನಿ ಅವರಿಗೆ ಕೇಳಲ್ಲ, ನಿಜ. ಗಾಬರೀಲಿ ಹೇಳ್ಬಿಟ್ಟೆ...

...ಕೇಳಿಸ್ತಾ? ಕೇಳಿಸ್ತಾ ನಿನಗೆ? ನುಯಿ ಮನೆ ಮುಂದೆ ನಿಂತ್ಕೊಂಡು ಶುರು ಮಾಡಿದ್ವು. 'ಕರಡಿ ಅಜ್ಜಿ, ಕರಡಿ ಅಜ್ಜಿ.' ಅಡುಗೆಮನೆ ಪರದೆ ಎಳೆದ್ಲು. ಈಗ ನೋಡಿದೆ ನಾನು, ಒಳಗಿಂದ ಕೈ ಬಂತು, ಪರದೆ ಎಳೆದ್ಲು. ಇನ್ನು ಸಾಕು. ಅಕಾಬೊರಿ, ಫೋನ್ ಹಿಡ್ಕೊಂಡಿರು, ಇಡಬೇಡ...

ಏಯ್ ಮಕ್ಕಳೇ. ಇಲ್ಲಿ. ಇಲ್ಲಿ, ಮೇಲೆ ನೋಡಿ. ಆ ಮನೆ ಅಜ್ಜಿ ಕರಡಿ ಅಲ್ಲ ಕಣ್ರೋ. ಆ ಅಜ್ಜಿ ಯಾವತ್ತಾದ್ರೂ ನಿಮಗೆ ಬೈದಿದಾರಾ?... ಇಲ್ಲ ತಾನೇ? ಯಾರು ಬಯ್ಯೋದು ದಿನಾ?... ಗಟ್ಟಿಯಾಗಿ ಹೇಳಿ... ಹಾಂ, ನಾನು. ಕನ್ನಡಕದ ಅಜ್ಜಿ. ನಾನೇ ಕರಡಿ. ನಾನು ಪುಸ್ತಕ ಬರೆಯುವಾಗ ನನ್ನ ಬಾಯಿ ತಗೊಂಡು ಆ ಅಜ್ಜಿ ಮುಖಕ್ಕೆ ಅಂಟಿಸಿಬಿಟ್ಟೆ. ತಪ್ಪು ನಂದು... ಏನು ಪುಟ್ಟಿ?... ಕರಡಿ ಯಾಕೆ ಮಲಗಿಲ್ಲ ಅಂತಾ? ಮಲಗೋಣ ಅಂದ್ರೆ ಕೆಳಗಿಳಿಯೋಕೆ ಏಣಿ ಇಲ್ಲ ಕಣಮ್ಮ...

...ಹಲೋ, ಅಕಾಬೊರಿ? ಇದೀಯಾ? ಆಯ್ತು ನನ್ನ ಕಥೆ. ಮಕ್ಕಳೆಲ್ಲ ಕುಣೀತಿದಾವೆ, 'ಕರಡಿ ಅಜ್ಜಿ ಛಾವಣಿ ಮೇಲೆ, ಕರಡಿ ಅಜ್ಜಿ ಛಾವಣಿ ಮೇಲೆ' ಅಂತ. ಒಬ್ಬಳು ಬಸ್‌ಸ್ಟಾಪಿನ ಮೊಲ ತೋರಿಸಿ, ಕೆಳಗೆ ಇನ್ನೊಬ್ಬರು ಇರಬೇಕು ಅಂತ ನನಗೇ ಪಾಠ ಹೇಳ್ತಿದಾಳೆ. ಆ ಟೀಚರ್ ಪಾಪ, ಬಗ್ಗಿ ಬಗ್ಗಿ ಕ್ಷಮೆ ಕೇಳ್ತಿದಾರೆ. ಇನ್ನು ಸಾಯೋವರೆಗೆ ನನಗೆ ಇದೇ ಹೆಸರು. ಇರಲಿ, ಸರಿಯಾದ ವಿಳಾಸಕ್ಕೆ ಬಂತು...

...ಬಾಗಿಲು ತೆಗೀತು. ಶ್. ನುಯಿ ಬಾಗಿಲು ತೆಗೆದ್ಲು. ಹೊರಗೆ ಬಂದ್ಲು. ಟವಲ್ ಸುತ್ಕೊಂಡಿದಾಳೆ. ನನ್ನ ಕಡೆ ನೋಡ್ತಿದಾಳೆ...

...ನೋಡ್ತಿದಾಳೆ ಅಷ್ಟೆ. ಸೊಂಟದ ಮೇಲೆ ಕೈ ಇಟ್ಕೊಂಡಿದಾಳೆ...

...ಹೋದ್ಲು. ಒಳಗೆ ಹೋದ್ಲು. ಬಾಗಿಲು ಹಾಕೊಂಡ್ಲು. ಟೀಚರ್ ಮಕ್ಕಳನ್ನ ಕರ್ಕೊಂಡು ಹೊರಟರು, ಯಾರನ್ನಾದ್ರೂ ಕಳಿಸ್ಲಾ ಅಂತ ಕೇಳಿದ್ರು, ಬೇಡ ಅಂದೆ. ಯಾಕೆ ಬೇಡ ಅಂದೆ ಅಂತ ಕೇಳಬೇಡ. ಜಂಬ ಹೋದ್ರೂ ಅದರ ಬಾಲ ಉಳ್ಕೊಂಡಿರುತ್ತಲ್ಲ...

...ಹೂಂ. ತಪ್ಪು ಒಪ್ಕೊಂಡ ತಕ್ಷಣ ಎಲ್ಲ ಸರಿ ಹೋಗಬೇಕು ಅಂತ ನಾನೂ ಅಂದ್ಕೊಂಡಿದ್ದೆ. ನನ್ನ ಪುಸ್ತಕದಲ್ಲಾಗಿದ್ರೆ ಹೋಗ್ತಿತ್ತು. ಪುಟ ತಿರುಗಿಸಿದ್ರೆ ಎಲ್ಲರೂ ಬಿಸಿ ಸಾರು ಕುಡೀತಾ ಕೂತಿರೋರು...

...ಹಾಂ? ಇರು. ಅವಳ ಹಿತ್ತಲಿನ ಕಡೆ ಏನೋ ಎಳೆಯೋ ಸದ್ದು. ಅಕಾಬೊರಿ, ಅವಳ ಏಣಿ. ಹೆಗಲ ಮೇಲೆ ಏಣಿ ಹೊತ್ಕೊಂಡು ಬರ್ತಿದಾಳೆ, ಮೊಣಕಾಲುದ್ದ ಹಿಮದಲ್ಲಿ. ಎಪ್ಪತ್ತು ಆಯ್ತು ಅವಳಿಗೆ. ನುಯಿ, ನಿಧಾನ. ನಿಧಾನ ಕಣೆ...

...ಇಟ್ಲು. ಸೂರಿಗೆ ಒರಗಿಸಿದ್ಲು. ಕಟ್ತಿದಾಳೆ ನೋಡು, ಹತ್ತಿ ಬಂದು ಸೂರಿಗೆ ಗಂಟು ಹಾಕ್ತಿದಾಳೆ. ಎರಡು ಗಂಟು. ನನಗೆ ಕಾಣೋ ಹಾಗೆ ಬೇಕು ಅಂತಾನೇ ಎರಡು. ಈಗ ಏಣಿ ಮೇಲೆ ನಿಂತಿದಾಳೆ, ತಲೆ ಮಾತ್ರ ಕಾಣ್ತಿದೆ. ಮಾತಾಡ್ತೀನಿ, ನೀನು ಇರು...

ನುಯಿ... ನುಯಿ, ಕೇಳು. ಆವತ್ತು ಬಾಗಿಲಲ್ಲಿ ನೀನು ಕೇಳ್ದಾಗ ನಾನು ಸುಳ್ಳು ಹೇಳ್ದೆ. ಅದು ನೀನೇ. ಮುಖ ನಿಂದು, ಬಾಯಿ ನಂದು. ಆ ಟೋಪಿ ತೆಗೆಸ್ತಿದೀನಿ, ಈಗಷ್ಟೇ ಹೇಳ್ದೆ ಟೋಕಿಯೊಗೆ... ಹಾಂ?... ಟೋಪಿ ಇರಲಾ?... ಚೆನ್ನಾಗಿ ಬಂದಿದೆಯಾ?... ಮತ್ತೆ ಯಾತಕ್ಕೆ ಕೋಪ ನಿನಗೆ? ಬಯ್ಯೋ ಹಾಗೆ ಬರೆದದ್ದಕ್ಕಾ?... ಅದಕ್ಕೂ ಅಲ್ವಾ?...

...ಹನ್ನೊಂದನೇ ಪುಟ? ಜಾರುಬಂಡೆ ಪುಟ. ಹಾಂ, ಮಕ್ಕಳು ಹಿಮದ ಜಾರುಬಂಡೇಲಿ ಜಾರ್ತಿರೋದು. ಅದು ನಿನ್ನ ಅಂಗಳದ್ದೇ, ನಾನು ಅದನ್ನ ನೋಡ್ಕೊಂಡೇ ಬರೆದದ್ದು... ಯಾರು ಕಟ್ಟಿದ್ರು ಅಂದ್ರೆ? ನೀನೇ ಕಟ್ಟೋದು ಪ್ರತಿ ವರ್ಷ... ಪುಸ್ತಕದಲ್ಲಾ? ಪುಸ್ತಕದಲ್ಲಿ ಯಾರು ಕಟ್ಟಿದ್ರು ಅಂತಾ...

...

...ಅಕಾಬೊರಿ. ನಿನ್ನ ಮೇಜಿನ ಮೇಲೆ ಪುಸ್ತಕ ಇದೆಯಾ? ತೆಗಿ. ಮೊದಲಿಂದ ಒಂದೊಂದೇ ಪುಟ ತಿರುಗಿಸು. ಎಲ್ಲಾದ್ರೂ ಒಂದು ಸಲಿಕೆ ಇದೆಯಾ ನೋಡು...

...ನೋಡು, ನೋಡು. ಸರಿಯಾಗಿ ನೋಡು. ಮೂಲೇಲಿ, ಬಾಗಿಲ ಹಿಂದೆ, ಎಲ್ಲಾದ್ರೂ...

...ಇಲ್ಲ. ಇಲ್ಲ ಅಲ್ವಾ? ದಾರಿ ಇದೆ, ಹಿಮ ಯಾರು ತೆಗೆದ್ರೋ. ಜಾರುಬಂಡೆ ಇದೆ, ಆಕಾಶದಿಂದ ಬಿತ್ತೋ ಏನೋ. ಛಾವಣಿ ಮೇಲೆ ಚೆಂದಕ್ಕೆ ಒಂದು ಪದರ ಹಿಮ, ಅಲಂಕಾರ ಮಾಡಿದ ಹಾಗೆ. ಅಯ್ಯೋ ನನ್ನ ಕರ್ಮವೇ. ಈ ಊರಲ್ಲಿ ಹುಟ್ಟಿ ಬೆಳೆದು, ಕೈ ಬೊಬ್ಬೆ ಎದ್ದು, ಸೊಂಟ ಬಿದ್ದು ಹೋದ ಹೆಂಗಸು, ಸಲಿಕೆ ಇಲ್ಲದ ಹಿಮದ ಪುಸ್ತಕ ಬರೆದಿದಾಳೆ. ಪುರಸಭೆ ಪೋಸ್ಟರಿಗೆ ಸಲಿಕೆ ಬರೆದೆ, ಮಕ್ಕಳಿಗೆ ಬೇಡ ಅಂತ ಬಿಟ್ಟೆ. ನಿಮ್ಮೂರಿನೋರು ಯಾರಾದ್ರೂ ಬರೆದಿದ್ರೆ, ಪಾಪ ಗೊತ್ತಿಲ್ಲ ಅಂತ ನಾನೇ ಮೂಗು ಮುರೀತಿದ್ದೆ...

...ಇಲ್ಲ, ನೀನು ಹೇಳ್ಬೇಕಿತ್ತು ಅನ್ನಬೇಡ. ನಿನಗೆ ಹೇಗೆ ಗೊತ್ತಾಗ್ಬೇಕು? ನಿಮ್ಮಲ್ಲಿ ಹಿಮ ಬಿದ್ರೆ ರೈಲು ನಿಲ್ಲುತ್ತೆ, ಅಷ್ಟೇ ತಾನೇ? ಅವಳು ಮಾಡೋದು ಏನು ಗೊತ್ತಾ? ಎರಡೂ ಛಾವಣಿ ಹಿಮ ತನ್ನ ಅಂಗಳಕ್ಕೆ ಎಳ್ಕೊಂಡು ಗುಡ್ಡೆ ಹಾಕ್ತಾಳೆ. ದಿನವಿಡೀ ಕಾಲಲ್ಲಿ ತುಳೀತಾಳೆ. ಸಂಜೆ ಸ್ನಾನದ ತೊಟ್ಟೀಲಿ ಉಳಿದ ನೀರು ಬಕೆಟ್ ಬಕೆಟ್ ತಂದು ಸುರೀತಾಳೆ. ಬೆಳಗ್ಗೆ ಹೊತ್ತಿಗೆ ಗಾಜಿನ ಹಾಗೆ ಗಟ್ಟಿ. ಅವಳ ಸ್ವಂತದ ಮಕ್ಕಳಿಲ್ಲ, ಮೊಮ್ಮಕ್ಕಳಿಲ್ಲ. ಊರ ಮಕ್ಕಳೆಲ್ಲ ಅದರಲ್ಲೇ ಜಾರಿ ದೊಡ್ಡವರಾದದ್ದು. ಈ ವರ್ಷ ಕಟ್ಟಲಿಲ್ಲ. ನಾನು ಮೇಜಿನ ಮುಂದೆ ಕೂತು, ಅಂಗಳ ಯಾಕೋ ಖಾಲಿ ಕಾಣುತ್ತಲ್ಲ ಅಂದ್ಕೊಂಡೆ. ಅಷ್ಟು ಜಾಣೆ ನಾನು...

ನುಯಿ, ಮಕ್ಕಳಿಗೆ ನೀನು ಏನು ಹೇಳ್ತಿದ್ದೆ, ಜಾರುಬಂಡೆ ಕಟ್ಟುವಾಗ ಹತ್ತೋಕೆ ಬಂದ್ರೆ?... ಗಟ್ಟಿಯಾಗಿ ಹೇಳೆ, ಫೋನಿನಲ್ಲಿರೋ ಹುಡುಗಿಗೆ ಕೇಳಲಿ...

...ಕೇಳಿಸ್ತಾ ಅಕಾಬೊರಿ? ಕೇಳಿಸ್ಲಿಲ್ವಾ? ಬರ್ಕೋ. 'ಇನ್ನೂ ಗಟ್ಟಿಯಾಗಿಲ್ಲ, ನಾಳೆ ಬನ್ನಿ.' ಹಾಂ. ಹದಿನಾಲ್ಕನೇ ಪುಟಕ್ಕೆ ಅಷ್ಟೇ ಸಾಕು. ಹಳೇ ಸಾಲು ತೆಗೆದುಬಿಡು. ಕರಡಿ ಮುಖ ಹಾಗೇ ಇರಲಿ, ಬಾಯಿ ತೆರೆದೇ ಇರಲಿ, ಟೋಪಿ ಇರಲಿ. ಕಿಟಕಿ ಬೇಡ, ಅಂಗಳದಲ್ಲಿ ನಿಂತಿರಲಿ. ಕೈಯಲ್ಲಿ ಸಲಿಕೆ...

...ಐದರೊಳಗೆ ಕಳಿಸ್ತೀನಮ್ಮ, ಬರೆದು ಫೋಟೊ ತೆಗೆದು ಕಳಿಸ್ತೀನಿ. ಸಲಿಕೆ ಬರೆಯೋಕೆ ಎಷ್ಟು ಹೊತ್ತು, ಅದರ ಮೇಲೇ ಕೂತಿದೀನಿ. ನಿಮ್ಮ ಮೇಲಿನವರು ಒಪ್ಪದಿದ್ರೆ ಮೂರನೇ ಮುದ್ರಣ ಬೇಡ ಅಂತ ಹೇಳು. ಹೂಂ, ನಾನೇ ಹೇಳ್ತಿರೋದು, ಮೂರನೇ ಮುದ್ರಣ ಅಂದಾಗ ಎರಡು ಸಲ ಹೇಳಿಸ್ಕೊಂಡೋಳು. ಗಂಭೀರವಾಗೇ ಹೇಳ್ತಿದೀನಿ...

...ಥ್ಯಾಂಕ್ಸ್ ಕಣಮ್ಮ. ಸರಿ, ಇಳಿದುಬಿಡ್ತೀನಿ ಈಗ. ಕಾಲು ಮರಗಟ್ಟಿದೆ. ನುಯಿ, ಸ್ವಲ್ಪ ಕೆಳಗೆ ಸರಿ, ಬರ್ತೀನಿ... ಯಾಕೆ? ಯಾಕೆ ಸರಿಯಲ್ಲ?... ಏನು? ಅರ್ಧ ಛಾವಣಿ ಹಾಗೇ ಇದೆ ಅಂತಾ? ಇದೆ, ಉತ್ತರದ ಕಡೆಯದು ಪೂರ್ತಿ ಇದೆ. ನಾಳೆ ಮಾಡಿದ್ರಾಯ್ತು ಬಿಡೆ... ರಾತ್ರಿ ಮತ್ತೆ ಬೀಳುತ್ತಾ?...

...ಅಕಾಬೊರಿ, ಇಳಿಯೋಕೆ ಬಿಡ್ತಿಲ್ಲ ಇವಳು. ಏನೋ ಎಸೀತೀನಿ ಹಿಡ್ಕೋ ಅಂತಿದಾಳೆ. ಹಗ್ಗ. ಹಗ್ಗ ತಂದಿದಾಳೆ ಕಣಮ್ಮ, ಮನೆಯಿಂದಲೇ ಹೆಗಲಿಗೆ ಸುತ್ಕೊಂಡು ಬಂದಿದಾಳೆ. ತೆಗೆದ ಹಿಮ ತನ್ನ ಅಂಗಳದ ಕಡೆಗೇ ತಳ್ಳಬೇಕಂತೆ, ಒಂದು ಸಲಿಕೆಯಷ್ಟೂ ಆ ಕಡೆ ಹೋಗಬಾರದಂತೆ...

...ಇರು, ಫೋನ್ ಎದೆ ಜೇಬಿಗೆ ಹಾಕ್ಕೋತೀನಿ, ಎರಡೂ ಕೈ ಬೇಕು. ಇಡಬೇಡ ನೀನು. ಅಥವಾ ಇಟ್ಟುಬಿಡು, ನಿನ್ನಿಷ್ಟ...

...ಹಾಂ, ಸಿಕ್ತು ನುಯಿ. ಸೊಂಟಕ್ಕೆ ಕಟ್ತಿದೀನಿ... ಇಲ್ಲ ಕಣೆ, ಒಂದೇ ಗಂಟಲ್ಲ, ಎರಡು ಹಾಕಿದೀನಿ... ನೀನು ಇಳಿದು ನಿಂತ್ಕೋ ಮೊದಲು... ನಿಂತ್ಯಾ?... ಎಲ್ಲಿ, ಒಂದ್ಸಲ ಎಳೆದು ನೋಡು...

...ಹೂಂ. ಬಂತು. ಗೊತ್ತಾಗ್ತಿದೆ. ಇನ್ನೊಂದ್ಸಲ ಎಳಿ...